ತೋಳು ಬೀಸಿದ ದಿನ

ದೇವೇಂದ್ರನ ಫಜೀತಿ ಶುರುವಾದದ್ದು ಒಂದು ರೇಷ್ಮೆ ತೋಳಿನಿಂದ.

ಗುಡಿಯ ಶಿಲ್ಪಗಳ ಒಡವೆಗಳ ಚಿತ್ರ ಬರೆದುಕೊಳ್ಳಲು ಜಪಾನಿನಿಂದ ಬಂದ ಹರುಮಿ, ಹಳೇಬೀಡಿನ ಸುವರ್ಣಮ್ಮನ ಮಹಡಿ ಕೋಣೆ ಹಿಡಿದು ಮೂರು ತಿಂಗಳಾಗಿತ್ತು. ಕೆಳಗೆ ದೇವೇಂದ್ರನ ಟೈಲರ್ ಅಂಗಡಿ. ಅವಳು ಮೆಟ್ಟಿಲಿಳಿಯುವ ಸದ್ದಿಗೆ ಅವನ ಮಿಷನ್ ನಿಲ್ಲುತ್ತಿತ್ತು. ಅವಳು "ನಮಸ್ಕಾರ" ಅನ್ನುವಳು, ಇವನೂ ಅನ್ನುವನು. ಆಮೇಲೆ ಇಬ್ಬರ ನಡುವೆ ಏನೂ ಇರುತ್ತಿರಲಿಲ್ಲ. ಆ ಏನೂ ಇಲ್ಲದ್ದನ್ನೇ ಅವನು ಸಂಜೆಯವರೆಗೂ ನೆನೆಯುತ್ತಿದ್ದ.

ಆ ಬೆಳಿಗ್ಗೆ ಅವಳು ಹೂಗಳ ಕಿಮೋನೊ ತೊಟ್ಟೇ ಇಳಿದು ಬಂದಳು.

"ತೋಳೇನವ್ವಾ, ನೆಲ ಗುಡಿಸಂಗೈತೆ!" ಅಂದಳು ಸುವರ್ಣಮ್ಮ.

"ಮದುವೆ ಆಗದವರಿಗೆ ಮಾತ್ರ ಇಷ್ಟುದ್ದ," ಹರುಮಿ ಒಂದೊಂದೇ ಪದ ಜೋಡಿಸಿದಳು. "ಹಿಂದೆ ಹುಡುಗಿಗೆ ಯಾರ ಮೇಲಾದರೂ ಮನಸ್ಸಾದರೆ ಬಾಯಲ್ಲಿ ಹೇಳುತ್ತಿರಲಿಲ್ಲ. ಹೀಗೆ ಬೀಸುತ್ತಿದ್ದಳು." ಬೀಸಿ ತೋರಿಸಿದಳು. ಎದುರಿಗಿದ್ದವನು ದೇವೇಂದ್ರ. "ಸಂಜೆ ಬರುತ್ತೇನೆ. ನಿಮ್ಮನ್ನು ಒಂದು ಮಾತು ಕೇಳಬೇಕು."

ಹತ್ತೇ ನಿಮಿಷಕ್ಕೆ ಹೋಟೆಲ್ ಕರಿಬಸವಯ್ಯ ಹಾಜರಾದ.

"ಏನ್ಲಾ, ನಿನ್ ಕಡೀಕೆ ತೋಳು ಬೀಸಿದ್ಲಂತೆ?"

"ಸುಮ್ನೆ ತೋರ್ಸಿದ್ದು ಕಣಣ್ಣ."

"ಎಷ್ಟ್ ಸಲ?"

"ಎರಡು."

"ತೋರ್ಸಕ್ಕೆ ಒಂದ್ಸಲ ಸಾಕಾಗಿತ್ತಲ್ಲೇನ್ಲಾ!"

ಆ ಎರಡನೆಯ ಸಲ ದೇವೇಂದ್ರನ ಎದೆಯಲ್ಲಿ ಮುರಿದ ಸೂಜಿಯಂತೆ ಉಳಿದುಬಿಟ್ಟಿತು. ಮಾದಿಹಳ್ಳಿ ಮೇಷ್ಟರ ಅಂಗಿಗೆ ಎರಡೂ ಎಡತೋಳುಗಳನ್ನೇ ಹೊಲಿದ. ಮಧ್ಯಾಹ್ನ ಕರಿಬಸವಯ್ಯ ಅವನನ್ನು ಕಟಿಂಗ್ ಶಾಪಿಗೆ ಎಳೆದೊಯ್ದು, "ಜಪಾನಿನೋರ್ಗೆ ಮೀಸೆ ಆಗಕ್ಕಿಲ್ಲ," ಎಂದು ತೆಗೆಸಿಯೇ ಬಿಟ್ಟ. ಕನ್ನಡಿಯೊಳಗೆ ಸಿಪ್ಪೆ ಸುಲಿದ ಬಾಳೆಕಾಯಿಯಂಥ ಮುಖವೊಂದು ದೇವೇಂದ್ರನನ್ನು ನೋಡಿತು.

ಸಂಜೆ ಅರ್ಧ ಬೀದಿಯೇ ಅಂಗಡಿ ಮುಂದೆ ಬೇಲೂರು ಬಸ್ಸಿಗೆ ಕಾಯುತ್ತಿತ್ತು. ಎರಡು ಬಸ್ಸು ಬಂದುಹೋದವು, ಒಬ್ಬರೂ ಹತ್ತಲಿಲ್ಲ.

ಹರುಮಿ ಮಡಿಸಿದ ಕಿಮೋನೊ ಹಿಡಿದು ಬಂದಳು. "ದೇವೇಂದ್ರ ಇಲ್ಲವಾ?"

"ನಾನೇ," ಅಂದ ದೇವೇಂದ್ರ.

ಅವಳು ತಲೆ ಬಾಗಿಸಿದಳು. "ಮುಂದಿನ ತಿಂಗಳು ಜಪಾನಿನಲ್ಲಿ ನನ್ನ ಮದುವೆ. ಅವತ್ತು ಬಿಳಿ ಉಡುಪು. ಆಮೇಲೆ ಈ ಉದ್ದ ತೋಳು ತೊಡುವ ಹಾಗಿಲ್ಲ. ಅಮ್ಮನ ಕಿಮೋನೊ, ಬೇರೆಯವರ ಕೈಗೆ ಕೊಡಲು ಭಯ. ನೀವು ಕತ್ತರಿಸಿ ಕೊಡುತ್ತೀರಾ?"

"ಮದ್ವೆಗೆ ಬಿಳೀದಾ? ಶಿವಶಿವಾ," ಅಂದಳು ಸುವರ್ಣಮ್ಮ ಮೆಲ್ಲಗೆ. ಮೂರನೆಯ ಬಸ್ಸನ್ನು ಕರಿಬಸವಯ್ಯನೇ ಮೊದಲು ಹತ್ತಿದ.

ದೇವೇಂದ್ರ ಗೆರೆ ಎಳೆದು ಕತ್ತರಿ ಹಾಕಿದ. ಕತ್ತರಿ ಗೆರೆ ತಪ್ಪಲಿಲ್ಲ, ಅದೇ ಅವನಿಗೆ ಸಂಕಟ. ಒಂದು ತೋಳು ಮುಗಿಸಿ, "ಇನ್ನೊಂದು ನಾಳೆ ಕೊಡ್ತೀನಿ," ಅಂದ.

"ನಾಳೆ ಬೆಳಿಗ್ಗೆ ಅರಸೀಕೆರೆಯಲ್ಲಿ ರೈಲು. ಇಲ್ಲೇ ಕಾಯುತ್ತೇನೆ."

ಹರುಮಿ ಸ್ಟೂಲಿನ ಮೇಲೆ ಕುಳಿತಳು. ದೇವೇಂದ್ರ ಹೊಲಿದ, ನೆಟ್ಟಗಿದ್ದ ಹೊಲಿಗೆಯನ್ನೇ ಬಿಚ್ಚಿದ, ಮತ್ತೆ ಹೊಲಿದ.