ಸ್ಪೇನಿನಿಂದ ಬಂದ ಹಿರಿಯರು

ಟೊಪ್! ಬೆಂಗೇರಿಯ ನಮ್ಮ ಕಾಕಾನ ಮನೆಯಲ್ಲಿ ಭಾನುವಾರ ಮಧ್ಯಾಹ್ನ ಬಾಟಲಿಯ ಬಿರಡೆ ಕಿತ್ತ ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ನಲವತ್ತು ವರ್ಷ ರೆಡ್ ವೈನಿನ ಸಹವಾಸ ಮಾಡಿದ ಈ ಮನುಷ್ಯ ಒಂದು ಹನಿಯನ್ನೂ ಕುಡಿಯಲಿಲ್ಲ ಎಂದರೆ ನಂಬುತ್ತೀರಾ? ಓಣಿಯವರಂತೂ ನಂಬಲಿಲ್ಲ.

ಕಾಕಾ ಕೃಷಿ ಕಾಲೇಜಿನಲ್ಲಿ ದ್ರಾಕ್ಷಿಯ ಪಾಠ ಹೇಳಿ ರಿಟೈರ್ ಆದವರು. ಪರದೇಶಕ್ಕೆ ಹೋದ ಶಿಷ್ಯರು ಬಾಟಲಿ ತಂದುಕೊಡುತ್ತಿದ್ದರು. ಲಿಂಗ ಕಟ್ಟಿದ ಕೊರಳು, ಒಳಗೆ ಇಳಿಸುವಂತಿಲ್ಲ. ಆದರೆ ಮೂಗಿಗೆ ಯಾರೂ ಅಡ್ಡಿ ಹೇಳಿಲ್ಲವಲ್ಲ ಎಂಬುದು ಅವರ ವಾದ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ‘ಸಿಪ್’ ಮಾಡುವ ಮ್ಯಾನರ್ಸ್ ಕಲಿಸಿದ್ದರು, ‘ಸ್ನಿಫ್’ ಮಾಡುವುದನ್ನಲ್ಲ! ಕಾಕಾ ಅರ್ಧ ತಾಸು ಮೂಸಿ, ಬಂದ ವಾಸನೆ ನೋಟ್‌ಬುಕ್ಕಿನಲ್ಲಿ ಬರೆದು, ಉಳಿದದ್ದನ್ನೆಲ್ಲ ಹಿತ್ತಲಿಗೆ ಸುರಿಯುವರು. ನಮ್ಮ ವಂಶದಲ್ಲಿ ಕುಡಿತಕ್ಕೆ ಬಿದ್ದದ್ದು ಆ ಕರಿಬೇವಿನ ಗಿಡ ಒಂದೇ.

ಅದೂ ಎಂಥ ವೈನ್? ಮುದಿ ಬಳ್ಳಿಯದೇ ಆಗಬೇಕು. ಬಳ್ಳಿಗೆ ವಯಸ್ಸಾದಂತೆ ಗೊಂಚಲು ಕಡಿಮೆ, ಬೇರು ಆಳ, ರಸ ದಪ್ಪ. ಅಂಥ ಹಿರಿಯ ಬಳ್ಳಿಗಳನ್ನು ಏಕವಚನದಲ್ಲಿ ಕರೆದರೆ ಕಾಕಾನಿಗೆ ಸಿಟ್ಟು. ಆಸ್ಟ್ರೇಲಿಯಾದ ಬಾರೋಸಾದವರು ಸಾವಕಾರರಿದ್ದಂತೆ, ದನಿ ದೊಡ್ಡದು. ಚಿಲಿಯ ಮೌಲೆಯವರು ಒಣಭೂಮಿಯವರು, ಒರಟು, ಆದರೆ ಖರೇ ಮಂದಿ. ಸ್ಪೇನಿನ ಪ್ರಿಯೋರಾಟದವರು ಕಲ್ಲಿನಲ್ಲಿ ಬೆಳೆದವರು, ಲಗೂ ಬಾಯಿ ಬಿಡುವುದಿಲ್ಲ.

ಈ ಬಹುವಚನದಿಂದ ಒಮ್ಮೆ ಅನಾಹುತವೇ ಆಯಿತು. ನೂರು ದಾಟಿದ ಹಿರಿಯರು ಸ್ಪೇನಿನಿಂದ ನಾಳೆ ಬರುತ್ತಾರೆ ಎಂದು ಕಾಕಾ ಫೋನಿನಲ್ಲಿ ಹೇಳುತ್ತಿದ್ದುದು ಅವರ ಹೆಂಡತಿ, ನಮ್ಮ ಕಾಕುವಿನ ಕಿವಿಗೆ ಬಿತ್ತು. ಪಾಪ, ಆಕೆ ನಸುಕಿನಲ್ಲೆದ್ದು ಹೋಳಿಗೆ ಮಾಡಿದಳು, ಕಾಲಿಗೆ ಬಿಸಿನೀರಿಟ್ಟಳು. ಶಿಷ್ಯನೊಬ್ಬ ಟವೆಲ್ಲಿನಲ್ಲಿ ಸುತ್ತಿದ ಬಾಟಲಿ ಹಿಡಿದು ಒಳಗೆ ಬಂದ. ಕಾಕು ಅವನ ಹಿಂದೆ ಇಣುಕಿ ಕೇಳಿದಳು: “ಹಿರಿಯರು ಎಲ್ಲದಾರ? ರಿಕ್ಷಾದಾಗ ಕುಂತಾರೇನು?”

ಕಾಕಾ ಬಾಟಲಿ ತೋರಿಸಿದರು. ಕಾಕು ಎಂಟು ದಿನ ಮಾತು ಬಿಟ್ಟಳು. ಹೋಳಿಗೆ ಶಿಷ್ಯ ತಿಂದ.

ಆಮೇಲೆ ಕೊರೋನಾ ಬಂತು. ಓಣಿಯಲ್ಲಿ ನಾಲ್ಕು ಮನೆಗಳಿಂದ ನಾಲ್ವರು ಹೋದರು. ಹೊರಲು ಹೆಗಲೂ ಸಿಗಲಿಲ್ಲ. ಕಾಕಾ-ಕಾಕು ಇಬ್ಬರೂ ಮಲಗಿ ಎದ್ದರು. ಕಾಕಾ ಉಳಿದರು, ಅವರ ಮೂಗು ಉಳಿಯಲಿಲ್ಲ. ವಾಸನೆ ಬರುತ್ತದೆ ಎಂದ ಡಾಕ್ಟರು ಬರಬಹುದು ಎಂದರು, ಕಡೆಗೆ ಬರೀ ಟಾನಿಕ್ ಬರೆದುಕೊಟ್ಟರು. ಕಾಕಾ ಗೋಡೆಯ ಮಾಡಿನೊಳಗಿನ ಬಾಟಲಿಗಳನ್ನು ಒಂದೊಂದಾಗಿ ತೆಗೆದು ಮೂಸಿದರು. ಬಾರೋಸಾ ಆಯಿತು, ಮೌಲೆ ಆಯಿತು.

“ಎಲ್ಲಾ ನೀರು, ಮಗಳ,” ಅಂದರು ನನಗೆ.

ಅನ್ನ ಮಣ್ಣಿನಂತಾಯಿತು. ತಟ್ಟೆ ಸರಿಸಿ ಗೋಡೆ ಕಡೆ ಹೊರಳಿ ಮಲಗುವರು. ಅಂಗಿಯೊಳಗೆ ಮನುಷ್ಯ ಇದ್ದಾರೋ ಇಲ್ಲವೋ ಎನ್ನುವಂತಾದರು. ಹೀಗೇ ಇದ್ದರೆ ದೀಪಾವಳಿ ಕಾಣುವುದಿಲ್ಲ ಎಂದು ನಾವೆಲ್ಲ ಒಳಗೊಳಗೇ ಅಂದುಕೊಂಡೆವು. ಪ್ರಿಯೋರಾಟದ ಇನ್ನೊಂದು ಬಾಟಲಿ ಮಾತ್ರ ಉಳಿದಿತ್ತು. ಅದನ್ನು ಮುಟ್ಟಲಿಲ್ಲ.

ನಾನು ಹೋದ ಒಂದು ಮಧ್ಯಾಹ್ನ ಕಾಕು, ನಲವತ್ತು ವರ್ಷ ವೈನಿನ ಗ್ಲಾಸನ್ನು ತೊಳೆಯಲೂ ಒಪ್ಪದವಳು, ಆ ಬಾಟಲಿಯ ಬಿರಡೆ ತಾನೇ ಕಿತ್ತು, ಗ್ಲಾಸು ಹಿಡಿದು ಮಂಚದ ಮೇಲೆ ಕೂತಿದ್ದಳು.

“ನಾ ಮೂಸಿ ಹೇಳತೇನಿ, ಕೇಳ್ರಿ. ಹುಣಸಿಹಣ್ಣು ನೆನಿ ಹಾಕಿದ್ದು ಬಂತು. ಬಿಸಲಾಗಿನ ಬ್ಯಾಡಗಿ ಮೆಣಸಿನಕಾಯಿ.”

“ಮೆಣಸಿನಕಾಯಿ ಹೆಂಗ ಬರ್ತದ? ಕರಿಮೆಣಸು ಇರಬೇಕು. ಮತ್ತೊಮ್ಮೆ ನೋಡು.”

ಕಾಕಾ ಎದ್ದು ಕೂತಿದ್ದರು! ಹೆಂಡತಿಯನ್ನು ತಿದ್ದುತ್ತ ತಿದ್ದುತ್ತ ಅರ್ಧ ರೊಟ್ಟಿ ತಿಂದರು.

ಚಹಾ ಮಾಡಲು ಕಾಕು ಒಳಗೆ ಹೋದಳು, ನಾನೂ ಹೋದೆ. ಆಕೆ ಬೆನ್ನು ತಿರುಗಿಸಿ ಕಪ್ಪು-ಬಸಿ ಒರೆಸುತ್ತಿದ್ದಳು. ಒಲೆಯ ಮೇಲೆ ಹಾಲು ತಳ ಹತ್ತಿ ಸುಟ್ಟ ನಾತ ಮೂಗು ಹಿಂಡುತ್ತಿತ್ತು. ಆಕೆ ತಿರುಗಲೇ ಇಲ್ಲ. ನಾನು ಗ್ಯಾಸ್ ಆರಿಸಿದಾಗ ನನ್ನ ಮುಖ ನೋಡಿದಳು.

“ನನಗೂ ಜ್ವರ ಬಂದಿತ್ತಲ್ಲವಾ,” ಅಂದಳು ಮೆಲ್ಲಗೆ. “ಅವತ್ತಿಂದ ಏನೂ ವಾಸನಿ ಹತ್ತಂಗಿಲ್ಲ. ಅವರ ಮುಂದ ಅನಬ್ಯಾಡ.”

ಕಾಕಾನನ್ನು ನಾನು ಕಡೆಯ ಸಲ ನೋಡಿದ್ದು ಅವತ್ತೇ. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು ಹೊರಳಿ ನೋಡಿದೆ. ಕಾಕು ಗ್ಲಾಸಿನ ಮೇಲೆ ಬಾಗಿ, ಕಣ್ಣು ಮುಚ್ಚಿ, ಬಹಳ ಹೊತ್ತು ಹುಡುಕುತ್ತಿದ್ದಳು. ಕಾಕಾ ನೋಟ್‌ಬುಕ್ಕಿನ ಮೇಲೆ ಪೆನ್ನು ಎತ್ತಿ ಹಿಡಿದು, ಆಕೆಯ ಮುಖವನ್ನೇ ನೋಡುತ್ತ ಕಾಯುತ್ತಿದ್ದರು.