ಅತ್ತೆಯ ಬ್ಯಾಟರಿ

ಬೆಳಿಗ್ಗೆ ಬೀರು ತೆಗೆದು ನೋಡಿದರೆ ಪೂರ್ಣವಿರಾಮರ ಹಳೆಯ ಮೊಬೈಲು ಬೆನ್ನು ಉಬ್ಬಿಸಿಕೊಂಡು ಮಲಗಿತ್ತು. ಒಳಗಿನ ಬ್ಯಾಟರಿ ಊದಿ, ಹಿಂಬದಿಯ ಮುಚ್ಚಳವನ್ನೇ ಎಬ್ಬಿಸಿತ್ತು. ಒತ್ತಿದರೆ ಉಸಿರಿಲ್ಲ.

ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವರ ಕೆಲಸ. ಪುಟದ ಕೊನೆಯ ಚುಕ್ಕಿ ನೋಡದೆ ಎದ್ದವರಲ್ಲ. ಅದಕ್ಕೇ ಈ ಅಡ್ಡಹೆಸರು. ಎರಡು ತಿಂಗಳ ಹಿಂದೆ ತೀರಿಕೊಂಡ ಅತ್ತೆ ಆಸ್ಪತ್ರೆಯಲ್ಲಿ ಎಲ್ಲರನ್ನೂ ಹೊರಗೆ ಕಳಿಸಿ, ಅಳಿಯನ ಈ ಫೋನಿನಲ್ಲೇ ತಮ್ಮ ಕೊನೆಯ ಮಾತು ರೆಕಾರ್ಡ್ ಮಾಡಿಟ್ಟಿದ್ದರು. ಪೂರ್ಣವಿರಾಮರು ಅದನ್ನು ಕೇಳಿದ್ದು ಒಂದೇ ಸಲ. "ಮಹಡಿಯ ಎರಡು ಕೋಣೆ ಮಗಳು ಅಳಿಯಂದಿರಿಗೇ" ಎಂಬಲ್ಲಿಗೆ ಬ್ಯಾಟರಿ ಕೈಕೊಟ್ಟಿತ್ತು. ಬೇಕಾದ್ದು ಕಿವಿಗೆ ಬಿದ್ದಾಗಿತ್ತಲ್ಲ, ಜೀವಮಾನದಲ್ಲಿ ಮೊದಲ ಬಾರಿಗೆ ಅವರು ಕೊನೆಯ ಚುಕ್ಕಿ ಹುಡುಕದೆ ಫೋನನ್ನು ಜೋಪಾನವಾಗಿ ಎತ್ತಿಟ್ಟರು.

ಇವತ್ತು ಸಂಜೆ ನಾಲ್ಕಕ್ಕೆ ಭಾವಮೈದುನ ಬರುವವನಿದ್ದ. "ಅಮ್ಮನ ದನೀಲಿ ಕೇಳಿಸಿ ಭಾವ, ಮರುಮಾತಾಡಲ್ಲ. ಇಲ್ಲಾಂದ್ರೆ ಮಹಡಿ ಖಾಲಿ ಮಾಡಿ," ಎಂದಿದ್ದ.

ಅಚ್ಚುಕೂಟದಲ್ಲಿ ಉಪದೇಶಕ್ಕೆ ಬರವೇ? ಯಂತ್ರದವನು ಫೋನನ್ನು ಯಜಮಾನರ ಫ್ರಿಜ್ಜಿನಲ್ಲಿ ಇಡಿಸಿದ. ಬೈಂಡಿಂಗಿನವಳು ಅಂಟಿಗೆ ತಂದಿಟ್ಟಿದ್ದ ಮೈದಾಹಿಟ್ಟಿನಲ್ಲಿ ಹೂಳಿಸಿದಳು. ಫೋನು ತಣ್ಣಗೂ ಆಯಿತು, ಬೆಳ್ಳಗೂ ಆಯಿತು, ಥೇಟ್ ಹೆಣ.

ರಿಪೇರಿ ಅಂಗಡಿಯವನು ಹಿಟ್ಟು ಊದಿ, ಭೂತಗನ್ನಡಿ ಹಿಡಿದು ನೋಡಿದ. "ಇದರ ಬ್ಯಾಟರಿ ಊರೆಲ್ಲ ಹುಡುಕಿದ್ರೂ ಸಿಗಲ್ಲ ಸಾರ್. ಮಾಡೋದನ್ನೇ ನಿಲ್ಸಿದಾರೆ. ಇದೇ ಥರದ್ದು ಇನ್ನೊಂದಿದ್ರೆ ತನ್ನಿ, ಅದರದ್ದು ಕಿತ್ತು ಹಾಕೋಣ."

ಇನ್ನೊಂದಿತ್ತು. ಅತ್ತೆಯದು.

ಕೆಳಗಿನ ಕೋಣೆಯ ಬಾಗಿಲನ್ನು ಎರಡು ತಿಂಗಳಿಂದ ಯಾರೂ ತೆರೆದಿರಲಿಲ್ಲ. ಒಳಗೆ ತಿರುಪಿಲ್ಲದ ರೇಡಿಯೋ, ಮುಳ್ಳಿಲ್ಲದ ಗಡಿಯಾರ, ಒಂದೇ ಕಡ್ಡಿಯ ಕನ್ನಡಕ. ಮಹಡಿಯಲ್ಲಿ ಏನು ಕೆಟ್ಟರೂ ಅತ್ತೆಯದನ್ನು ಬಿಚ್ಚಿ ತರುವುದು ಪೂರ್ಣವಿರಾಮರ ಹಳೇ ಚಾಳಿ. ಅತ್ತೆ ಬಾಯಿಬಿಟ್ಟು ಬೈದವರಲ್ಲ. ಕನ್ನಡಕದ ಮೇಲಿನಿಂದ ಸುಮ್ಮನೆ ನೋಡುತ್ತಿದ್ದರು. ಈಗಲೂ ಆ ಕನ್ನಡಕ ಬಾಗಿಲ ಕಡೆಗೇ ಮುಖ ಮಾಡಿತ್ತು. ದಿಂಬಿನ ಪಕ್ಕದಲ್ಲಿದ್ದ ಫೋನನ್ನು ಮುಟ್ಟಿದರೆ ಬೆಚ್ಚಗಿತ್ತು, ಯಾರೋ ಈಗಷ್ಟೇ ಮಾತು ಮುಗಿಸಿ ಇಟ್ಟ ಹಾಗೆ.

"ಅತ್ತೆ, ಇದೊಂದು ಸಲ," ಎಂದು ಕೈಮುಗಿದು ಜೇಬಿಗಿಳಿಸಿದರು.

ಅಂಗಡಿಯವನು ಬಿಸಿಗಾಳಿ ಹಾಯಿಸಿ, ಅಂಟು ಕರಗಿಸಿ, ಅತ್ತೆಯ ಬ್ಯಾಟರಿಯನ್ನು ಅಳಿಯನ ಫೋನಿಗೆ ಕೂರಿಸಿದ. ಪರದೆ ಬೆಳಗಿತು.

"ಎರಡು ತಿಂಗಳಿಂದ ಚಾರ್ಜೇ ಮಾಡಿಲ್ಲ ಅಂದ್ರಿ. ಎಪ್ಪತ್ತೆಂಟು ತೋರಿಸ್ತಿದೆ!"

ಅತ್ತೆ ತೀರಿಕೊಂಡಾಗ ಅವರಿಗೆ ಎಪ್ಪತ್ತೆಂಟು. ಅಷ್ಟರಲ್ಲಿ ಫೋನು ಗಂಟಲು ಹರಿದುಕೊಂಡಂತೆ ಹೊಡೆದುಕೊಳ್ಳತೊಡಗಿತು. ಮೂರು ಗಂಟೆ; ಅತ್ತೆ ಮಾತ್ರೆ ನುಂಗುತ್ತಿದ್ದ ಹೊತ್ತು.

"ಈ ಅಲಾರಂ ಅವರ ಫೋನಲ್ಲಿತ್ತು ಕಣಯ್ಯಾ, ನಂದರಲ್ಲಿ ಅಲ್ಲ!"

"ಅಲಾರಂ ಬ್ಯಾಟರೀಲಿ ಇರಲ್ಲ ಸಾರ್," ಎಂದ ಅಂಗಡಿಯವನು, ಆಮೇಲೆ ದನಿ ತಗ್ಗಿಸಿ, "ಇರಬಾರದು," ಎಂದ. ಬಿಚ್ಚಿದ ಅತ್ತೆಯ ಫೋನನ್ನು ಕಾಗದದ ಕವರಿಗೆ ತುರುಕಿ ಕೈಗಿತ್ತ. "ಇದನ್ನೂ ತಗೊಂಡ್ಹೋಗಿ. ನನ್ನ ಅಂಗಡೀಲಿ ಬೇಡ."

ದಾರಿಯುದ್ದಕ್ಕೂ ಎದೆಯ ಜೇಬಿನಲ್ಲಿ ಫೋನು ತಾನೇ ತಾನಾಗಿ ನಡುಗುತ್ತಿತ್ತು. "ಸ್ವಲ್ಪ ಸುಮ್ನಿರಿ ಅತ್ತೆ," ಎಂದರು. ನಡುಕ ನಿಂತಿತು.

ನಾಲ್ಕಕ್ಕೆ ಹೆಂಡತಿ, ಭಾವಮೈದುನ, ಯಾರೂ ಕರೆಯದೆ ಸಾಕ್ಷಿಗೆ ಬಂದು ಕೂತ ಪಕ್ಕದ ಮನೆಯ ಹೊಲಿಗೆಯಮ್ಮ, ಎಲ್ಲರೂ ಮೇಜಿನ ಸುತ್ತ ಸೇರಿದ್ದರು. ಕವರನ್ನು ಮೇಜಿನ ಮೇಲಿಟ್ಟು ಪೂರ್ಣವಿರಾಮರು ಗುಂಡಿ ಒತ್ತಿದರು.

"ಮಹಡಿಯ ಎರಡು ಕೋಣೆ ಮಗಳು ಅಳಿಯಂದಿರಿಗೇ."

ಹೆಂಡತಿ ಬಿಕ್ಕಿದಳು. "ಅಮ್ಮ ಹೇಳಿದ್ಮೇಲೆ ಮುಗೀತು," ಎಂದು ಭಾವಮೈದುನ ಎದ್ದ. ಪೂರ್ಣವಿರಾಮರು ಗೆದ್ದ ಮುಖದಲ್ಲಿ ನಿಲ್ಲಿಸುವ ಗುಂಡಿ ಒತ್ತಿದರು. ಅದು ನಿಲ್ಲಲಿಲ್ಲ. ಮತ್ತೆ ಒತ್ತಿದರು. ಒಳಗೆ ಯಾರೋ ಕೆಮ್ಮಿದರು.

"ಆದ್ರೆ ಒಂದು ಷರತ್ತು. ಅಳಿಯಂದಿರು ನನ್ನ ರೇಡಿಯೋ ಬಿಚ್ಚಿದ್ರು, ಗಡಿಯಾರ ಬಿಚ್ಚಿದ್ರು, ಕನ್ನಡಕಾನೂ ಬಿಡ್ಲಿಲ್ಲ. ನಾನು ಹೋದ ಮೇಲಾದ್ರೂ ನನ್ನ ಫೋನು ಇಡಿಯಾಗಿರಲಿ. ಅದನ್ನ ಬಿಚ್ಚಿದ ದಿನ ಆ ಕೋಣೆಗಳು ನನ್ನ ಮಗನಿಗೆ."

ಹೊಲಿಗೆಯಮ್ಮ ಅಷ್ಟರಲ್ಲಾಗಲೇ ಕವರಿಗೆ ಕೈ ಹಾಕಿದ್ದರು.

"ಅಯ್ಯೋ, ಇದು ಅವರ ಫೋನೇ ಅಲ್ವಾ? ಹೊಟ್ಟೇಲಿ ಏನೂ ಇಲ್ವಲ್ಲ!"

ಭಾವಮೈದುನ ಮತ್ತೆ ಕುರ್ಚಿ ಎಳೆದುಕೊಂಡು ನೆಮ್ಮದಿಯಾಗಿ ಕೂತ. "ಇನ್ನೊಂದ್ಸಲ ಕೇಳಿಸಿ ಭಾವ."

ನಾಲ್ಕು ಸಲ ಕೇಳಿಸಬೇಕಾಯಿತು. ಪ್ರತಿ ಸಲವೂ 'ಅಳಿಯಂದಿರಿಗೇ' ಎಂಬಲ್ಲಿಗೆ ಬ್ಯಾಟರಿ ಸಾಯಲಿ ಎಂದು ಪೂರ್ಣವಿರಾಮರು ಮನಸ್ಸಿನಲ್ಲೇ ಅಂಗಲಾಚಿದರು. ಅದು ಎಪ್ಪತ್ತೆಂಟರಿಂದ ಒಂದಂಕಿಯೂ ಇಳಿಯಲಿಲ್ಲ.