ಎರಡನೇ ಸಲ ಕರಿಯಲು ಕರೆಂಟು ಕೊಡದ ಯಂತ್ರಕ್ಕೆ

ಮಾನ್ಯ ವಿದ್ಯುತ್ ಹಂಚಿಕೆ ಯಂತ್ರದವರ ಸನ್ನಿಧಿಗೆ,

ಅಂಟಾರ್ಕ್ಟಿಕಾದ ಬಂಡೆಯೊಂದರ ನೆತ್ತಿಯ ಮೇಲೆ, ಡೀಸೆಲ್ಲಿನ ವಾಸನೆಯೂ ಸೋಕದಂತೆ, ಬರೀ ಗಾಳಿ ಬಿಸಿಲುಗಳನ್ನು ನಂಬಿ ನಡೆಯುತ್ತಿರುವ ನಮ್ಮ ಬೆಲ್ಜಿಯನ್ ಸಂಶೋಧನಾ ಕೇಂದ್ರದ ಅಡುಗೆಯವನಾದ ಲೀವೆನ್ ಗೋಸೆನ್ಸ್ ಮಾಡುವ ಅನಂತ ವಂದನೆಗಳು. ನಮ್ಮೆಲ್ಲರ ಕೋಣೆಗಳಿಗಿಂತ ಬೆಚ್ಚಗಿರುವ ತಮ್ಮ ಕೋಣೆಯಲ್ಲಿ ತಾವು ಬ್ಯಾಟರಿಗಳ ಸಮೇತ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ.

ಇಲ್ಲಿ ಯಾರಿಗೇ ಕರೆಂಟು ಬೇಕಾದರೂ ಗೋಡೆಯ ಗುಂಡಿ ಒತ್ತಿ, ಮಾಡಲಿರುವ ಕೆಲಸದ ಹೆಸರು ತಿಳಿಸಿ, ತಮ್ಮ ಹಸಿರು ದೀಪಕ್ಕಾಗಿ ಕೈಕಟ್ಟಿ ಕಾಯಬೇಕೆಂಬ ನಿಯಮವನ್ನು ನಾನು ಎಂದೂ ಮೀರಿದವನಲ್ಲ. ಭೂಕಂಪನ ಅಳೆಯುವವರಿಗೆ ಮೊದಲು, ಹಿಮ ಕೊರೆಯುವವರಿಗೆ ಆಮೇಲೆ, ಅಡುಗೆಮನೆಗೆ ಉಳಿದರೆ ಎಂಬ ತಮ್ಮ ಪಂಕ್ತಿಭೇದವನ್ನೂ ತಲೆಬಾಗಿ ಒಪ್ಪಿದ್ದೇನೆ. ಗಾಳಿ ನಿಂತ ದಿನ ತಾವು ಒಲೆಯನ್ನು ನಡುವೆಯೇ ಆರಿಸಿದಾಗ, ಅರೆಬೆಂದ ಬಟಾಣಿಯನ್ನು ಹೊಸ ರುಚಿಯೆಂದು ನಗುನಗುತ್ತಾ ಬಡಿಸಿ ತಮ್ಮ ಮಾನ ಉಳಿಸಿದವನೂ ನಾನೇ.

ಆದರೆ ಗಾಳಿಯಂತ್ರಗಳನ್ನು ನೋಡಿಕೊಳ್ಳುವ ಗೋದೆಲೀವ್ ವಿಷಯದಲ್ಲಿ ತಾವು ನಡೆದುಕೊಂಡ ರೀತಿ ನನ್ನ ಹೊಟ್ಟೆ ಉರಿಸಿದೆ. ಆಕೆಯ ಪರಿಚಯ ತಮಗಿರಲಾರದು, ಏಕೆಂದರೆ ಆಕೆ ಕರೆಂಟು ಕೇಳುವವಳಲ್ಲ, ತಂದುಕೊಡುವವಳು. ಕಳೆದ ಬಿರುಗಾಳಿಯಲ್ಲಿ ಕಂಬ ಹತ್ತಿ, ರೆಕ್ಕೆಗಳಿಗೆ ಕಚ್ಚಿದ್ದ ಮಂಜುಗಡ್ಡೆಯನ್ನು ಕೆರೆದು, ತಮ್ಮ ದೀಪಗಳು ಒಂದು ಕ್ಷಣವೂ ಆರದಂತೆ ಕಾದಳು. ಅದಕ್ಕೆ ಪ್ರತಿಯಾಗಿ ಅವಳ ಬಲಗೈಯ ಎರಡು ಬೆರಳುಗಳು ಶೀತಕ್ಕೆ ಕಪ್ಪಾದವು. ಮರುದಿನದ ವಿಮಾನದಲ್ಲೇ ಊರಿಗೆ ಹೊರಡಬೇಕು, ಇನ್ನು ಕಂಬ ಹತ್ತುವ ಮಾತಿಲ್ಲ ಎಂದರು ವೈದ್ಯರು. ಇಲ್ಲಿನ ಕೊನೆಯ ಊಟಕ್ಕೆ ಏನು ಬೇಕೆಂದು ಕೇಳಿದೆ. "ಫ್ರಿಟ್ ಮಾಡೋ ಮಾರಾಯ. ಅಮ್ಮ ಮಾಡೋ ಹಾಗೆ, ಎರಡು ಸಲ ಕರಿದು. ಬೇರೇನೂ ಬೇಡ" ಎಂದಳು. ಕೂಡಲೇ ಆಲೂಗಡ್ಡೆ ಹೆಚ್ಚಲು ಕುಳಿತೆ.

ತಮ್ಮನ್ನು ಕಟ್ಟಿದವರು ತಮಗೆ ನಾಲಿಗೆ ದಯಪಾಲಿಸಲು ಮರೆತಿರುವುದರಿಂದ ವಿವರಿಸುತ್ತೇನೆ. ನಮ್ಮಲ್ಲಿ ಫ್ರಿಟ್ ಎಂದರೆ ಆಲೂಗಡ್ಡೆಯ ಕಡ್ಡಿಗಳನ್ನು ಹದವಾಗಿ ಕಾದ ದನದ ಕೊಬ್ಬಿನಲ್ಲಿ ಒಮ್ಮೆ ಬೇಯಿಸಿ, ತೆಗೆದು ಆರಲು ಬಿಟ್ಟು, ಆಮೇಲೆ ಚೆನ್ನಾಗಿ ಕಾದ ಕೊಬ್ಬಿನಲ್ಲಿ ಮತ್ತೊಮ್ಮೆ ಗರಿಗರಿಯಾಗಿ ಕರಿಯುವುದು. ಒಂದೇ ಸಲ ಕರಿದರೆ ಅದು ಫ್ರಿಟ್ ಅಲ್ಲ, ಮೆತ್ತಗಿನ ಅವಮಾನ. ಮೊದಲ ಸಲಕ್ಕೆ ತಾವು ಉದಾರವಾಗಿ ಹಸಿರು ದೀಪ ತೋರಿದಿರಿ. ಎರಡನೆಯ ಸಲಕ್ಕೆ, "ಈ ಕೆಲಸ ಈಗಾಗಲೇ ಮುಗಿದಿದೆ, ತಾವು ತಪ್ಪಾಗಿ ಮತ್ತೆ ಕೇಳಿದ್ದೀರಿ" ಎಂದು ಪರದೆಯ ಮೇಲೆ ಬುದ್ಧಿ ಹೇಳಿ ಕೆಂಪು ದೀಪ ಹತ್ತಿಸಿದಿರಿ. ಫ್ರಿಟ್ಟಿನ ತವರಾದ ಬೆಲ್ಜಿಯಂನಲ್ಲೇ ಹುಟ್ಟಿದ ಯಂತ್ರವೊಂದು ಹೀಗೆನ್ನುವ ಎದೆಗಾರಿಕೆ ತೋರಿದ್ದಕ್ಕೆ ತಮ್ಮನ್ನು ಅಭಿನಂದಿಸಲೇಬೇಕು.

ತಮ್ಮ ಜನ್ಮದಾತರಾದ ಎಂಜಿನಿಯರ್ ಬಾಸ್ತಿಯಾಂ ಅವರ ಬಳಿ ಓಡಿದೆ. ಅವರು ಟವೆಲ್ ಹೆಗಲಿಗೇರಿಸಿಕೊಂಡು ಸ್ನಾನಕ್ಕೆ ಹೊರಟಿದ್ದರು. "ಅದು ಬೇಡ ಅಂದ್ಮೇಲೆ ಮುಗೀತು ಕಣಯ್ಯ. ವಿಜ್ಞಾನಕ್ಕಾದ್ರೆ ಮಾತ್ರ ಅದು ಇಲ್ಲ ಅನ್ನಲ್ಲ" ಎಂದು ಮೂಗು ಮುರಿದು ಬಾಗಿಲು ಹಾಕಿಕೊಂಡರು. ಕೈಗೆ ಬ್ಯಾಂಡೇಜು ಸುತ್ತಿಕೊಂಡು ನಿಂತಿದ್ದ ಗೋದೆಲೀವ್ ನನ್ನನ್ನೇ ಸಮಾಧಾನಪಡಿಸಿದಳು: "ಹೋಗ್ಲಿ ಬಿಡೋ, ಮೆತ್ತಗಿರೋದನ್ನೇ ತಿಂತೀನಿ. ನಮ್ಮ ಪಕ್ಕದ ದೇಶದ ಡಚ್ಚರು ದಿನಾ ಅದನ್ನೇ ತಿಂದು ಬದುಕಿಲ್ವಾ?"

ಆ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ. ನೇರವಾಗಿ ಗುಂಡಿಯ ಬಳಿ ಹೋಗಿ, ಕೆಲಸದ ಹೆಸರು ಕೇಳಿದ ಜಾಗದಲ್ಲಿ, "ಅತಿ ಶೀತ ಪ್ರದೇಶದಲ್ಲಿ ಕಾದ ಕೊಬ್ಬಿನೊಳಗೆ ಪಿಷ್ಟದ ವರ್ತನೆ: ಪ್ರಯೋಗದ ಪುನರಾವರ್ತನೆ" ಎಂದು ಬರೆದೆ. ತಮ್ಮ ವಿದ್ಯಾಭಿಮಾನಕ್ಕೆ ಎಷ್ಟು ಜನ್ಮ ಋಣಿಯಾಗಿರಲಿ! ನಾನು ಬೆರಳು ತೆಗೆಯುವ ಮೊದಲೇ ಹಸಿರು ದೀಪ ಹತ್ತಿತು. ಅಷ್ಟೇ ಅಲ್ಲ, ವಿಜ್ಞಾನಕ್ಕೆ ಕೊರತೆಯಾಗಬಾರದೆಂದು ತಾವು ಸ್ನಾನದ ಮನೆಯ ಬಿಸಿನೀರನ್ನೇ ನಿಲ್ಲಿಸಿದಿರಿ. ಮೈತುಂಬ ಸೋಪು ಹಚ್ಚಿಕೊಂಡಿದ್ದ ಬಾಸ್ತಿಯಾಂ ಅವರ ಕೂಗು ಊಟದ ಮನೆಯವರೆಗೂ ಕೇಳಿಸಿತು. ಗೋದೆಲೀವ್ ಎಡಗೈಯಲ್ಲಿ ಒಂದೊಂದೇ ಫ್ರಿಟ್ಟನ್ನು ಮೇಯನೇಸಿನಲ್ಲಿ ಅದ್ದಿ, ಕರುಂ ಕುರುಂ ಎನಿಸಿ, ಕಣ್ಣೊರೆಸಿಕೊಳ್ಳುತ್ತಾ ನಕ್ಕಳು.

ಆದ್ದರಿಂದ ತಮ್ಮಲ್ಲಿ ನನ್ನ ಸಣ್ಣ ಬಿನ್ನಹಗಳಿವೆ. ತಾವು ಆದಷ್ಟು ಬೇಗ ಒಂದು ಹೊಟ್ಟೆಯನ್ನು ಬೆಳೆಸಿಕೊಳ್ಳಬೇಕು. ಅದು ಹಸಿಯುವವರೆಗೆ ಅಡುಗೆಮನೆಯ ಬಗ್ಗೆ ತೀರ್ಪು ಕೊಡಬಾರದು. ಸಾಧ್ಯವಾದರೆ ಒಂದು ಜೊತೆ ಬೆರಳುಗಳನ್ನೂ ತರಿಸಿಕೊಳ್ಳಿ, ಅವು ಹೋದರೆ ಏನಾಗುತ್ತದೆಂಬುದು ತಿಳಿಯಲಿ.

ತಣ್ಣಗಾಗಲೊಪ್ಪದ ಬಾಣಲೆಯ ಪಕ್ಕದಿಂದ,
ತಮ್ಮ ವಿಶ್ವಾಸಿ,
ಲೀವೆನ್ ಗೋಸೆನ್ಸ್

ವಿ.ಸೂ.: ಎರಡು ಪ್ರಯೋಗ ಸಾಲದು, ಮೂರನೆಯದನ್ನೂ ಮಾಡಿ, ಎಲ್ಲ ಮಾದರಿಗಳನ್ನು ಪರಿಶೀಲನೆಗೆ ಒಪ್ಪಿಸಬೇಕೆಂಬ ತಮ್ಮ ಇಂದಿನ ಆದೇಶ ತಲುಪಿದೆ. ಮಾದರಿಗಳೆಲ್ಲ ಗೋದೆಲೀವ್‌ಳ ಹೊಟ್ಟೆಯಲ್ಲಿ ಕುಳಿತು ವಿಮಾನ ಹತ್ತಿ ಹೋದವು. ನೋಡಲೇಬೇಕೆಂದಿದ್ದರೆ ಅವಳನ್ನೇ ವಾಪಸು ಕರೆಸಿಕೊಳ್ಳಿ. ಹೊರಗೆ ಮತ್ತೆ ಬಿರುಗಾಳಿ ಎದ್ದಿದೆ, ಕಂಬ ಹತ್ತಿ ಮಂಜು ಕೆರೆಯುವವರು ಯಾರೂ ಇಲ್ಲ, ಗುಂಡಿ ಒತ್ತಿ ಕೇಳಿಕೊಳ್ಳುವ ಸರದಿ ಈಗ ತಮ್ಮದು.